ಉಪಧೆ ಮತ್ತು ವೃತ್ತಿ: ಸಲಹೆಗಾರನ ಕ್ಷೇತ್ರವನ್ನು ಕುರಿತು

ಇನ್ನೊಬ್ಬರ ಉದ್ಯಮವನ್ನು ಹೇಗೆ ನಡೆಸಿದರೆ ಚೆನ್ನು ಎಂಬುದನ್ನು ಶುಲ್ಕ ಪಡೆದು ಹೇಳುವ ಕೆಲಸಕ್ಕೆ ಇಂದು ಮ್ಯಾನೇಜ್‌ಮೆಂಟ್ ಕನ್ಸಲ್ಟಿಂಗ್ ಎಂದು ಹೆಸರು. ಕನ್ನಡದಲ್ಲಿ ಅದನ್ನು ಆಡಳಿತ ಸಲಹಾವೃತ್ತಿ ಎನ್ನಬಹುದು. ಅದನ್ನು ಸೇರುವ ತರುಣರು ಸಾಮಾನ್ಯವಾಗಿ ಮೊದಲ ಎರಡು ಮೂರು ವರ್ಷ ಯಾವ ಕೆಲಸ ಬಂದರೂ ಮಾಡುತ್ತಾರೆ: ಕೆಲವು ವಾರ ಬ್ಯಾಂಕಿನ ಸಾಲವಸೂಲಿಯ ಲೆಕ್ಕ, ಅದು ಮುಗಿಯುತ್ತಲೇ ಸಿಮೆಂಟ್ ಕಾರ್ಖಾನೆಯ ಸಾಗಣೆವೆಚ್ಚ, ಆಮೇಲೆ ಆಸ್ಪತ್ರೆಯೊಂದರ ಹಾಸಿಗೆಗಳ ಎಣಿಕೆ. ಆ ಅವಧಿ ತೀರುವ ಹೊತ್ತಿಗೆ, ಯಾವ ಉದ್ಯಮಕ್ಷೇತ್ರವನ್ನು ತಮ್ಮದೆಂದು ಹಿಡಿಯುತ್ತೀರಿ ಎಂಬ ಪ್ರಶ್ನೆ ಅವರ ಮುಂದೆ ಬಂದು ನಿಲ್ಲುತ್ತದೆ. ಅದಕ್ಕೆ ಹಿರಿಯರು ಕೊಡುವ ಉತ್ತರ ಬಹುಮಟ್ಟಿಗೆ ಒಂದೇ: ಆಸಕ್ತಿ ಎಲ್ಲಿದೆ, ಬೆಳವಣಿಗೆ ಎಲ್ಲಿದೆ, ಸಂಬಳ ಎಲ್ಲಿದೆ ಎಂದು ನೋಡಿ ಆರಿಸಿಕೊಳ್ಳಬೇಕು. ಈ ಮೂರು ಅಳತೆಗಳೂ ತಪ್ಪಲ್ಲ, ಆದರೆ ಮೂರೂ ಆರಿಸುವವನ ಲಾಭದ ಕಡೆಯಿಂದ ಮಾತ್ರ ನೋಡುತ್ತವೆ. ಸಲಹೆ ಎಂಬುದು ಸ್ವರೂಪದಲ್ಲಿಯೇ ಇನ್ನೊಬ್ಬನ ಕಾರ್ಯಕ್ಕೆ ಸಂಬಂಧಿಸಿದ್ದಾದ್ದರಿಂದ, ಅದರ ಕ್ಷೇತ್ರವನ್ನು ಆರಿಸುವ ಪ್ರಶ್ನೆ ರುಚಿಯ ಪ್ರಶ್ನೆಯಾಗುವ ಮೊದಲೇ ಧರ್ಮದ ಪ್ರಶ್ನೆಯಾಗಿರುತ್ತದೆ. ಅದನ್ನು ಹಾಗೆ ಕೇಳಿದವರು ಭಾರತದಲ್ಲಿಯೂ ಗ್ರೀಸಿನಲ್ಲಿಯೂ ಎರಡು ಸಾವಿರ ವರ್ಷಗಳ ಹಿಂದೆಯೇ ಇದ್ದರು.

ಈ ವೃತ್ತಿ ಆರಂಭದಲ್ಲಿ ಕ್ಷೇತ್ರವಿಲ್ಲದೆ ಹುಟ್ಟಿದ್ದಲ್ಲ ಎಂಬುದನ್ನು ಮೊದಲು ಗಮನಿಸಬೇಕು. 1886ರಲ್ಲಿ ಬಾಸ್ಟನ್ನಿನಲ್ಲಿ ಸ್ಥಾಪನೆಯಾದ ಆರ್ಥರ್ ಡಿ. ಲಿಟ್ಲ್ ಸಂಸ್ಥೆಯ ಮೂಲ ರಸಾಯನಶಾಸ್ತ್ರದಲ್ಲಿತ್ತು. 1926ರಲ್ಲಿ ಶಿಕಾಗೋದಲ್ಲಿ ತನ್ನ ಸಂಸ್ಥೆಯನ್ನು ತೆರೆದ ಜೇಮ್ಸ್ ಮೆಕಿನ್ಸಿ ಲೆಕ್ಕಶಾಸ್ತ್ರದ ಪ್ರಾಧ್ಯಾಪಕನಾಗಿದ್ದನು. ತಮಗೆ ತಿಳಿದ ಒಂದು ವಸ್ತುವಿನ ಬಗೆಗೆ ಇವರು ಸಲಹೆ ನೀಡುತ್ತಿದ್ದರು. 1933ರಲ್ಲಿ ಮೆಕಿನ್ಸಿಯನ್ನು ಸೇರಿದ ಮಾರ್ವಿನ್ ಬೋವರ್ ಮೂಲತಃ ವಕೀಲ. ಸಲಹಾಸಂಸ್ಥೆಯು ವ್ಯಾಪಾರದ ಮಳಿಗೆಯಂತೆ ಇರದೆ ವಕೀಲರ ಕಚೇರಿಯಂತಿರಬೇಕೆಂದು ಬಯಸಿದ ಆತನು ಗಿರಾಕಿ ಎಂಬಲ್ಲಿ ಕಕ್ಷಿದಾರ, ವ್ಯಾಪಾರ ಎಂಬಲ್ಲಿ ವೃತ್ತಿ ಎಂಬರ್ಥದ ಮಾತುಗಳನ್ನೇ ಬಳಸಬೇಕೆಂದು ಪಟ್ಟುಹಿಡಿದನು. ಬಾಸ್ಟನ್ ಕನ್ಸಲ್ಟಿಂಗ್ ಗ್ರೂಪ್ 1963ರಲ್ಲಿ ಆರಂಭವಾಗಿ, 1970ರ ವೇಳೆಗೆ ಕಂಪನಿಯ ವಿಭಾಗಗಳನ್ನು ಮಾರುಕಟ್ಟೆಯ ಪಾಲು ಮತ್ತು ಬೆಳವಣಿಗೆಯ ವೇಗ ಎಂಬ ಎರಡೇ ಅಳತೆಗಳಿಂದ ನಾಲ್ಕು ಮನೆಗಳಲ್ಲಿ ಇರಿಸುವ ಚೌಕವನ್ನು ಪ್ರಚಾರಕ್ಕೆ ತಂದಿತು. ಆ ಚೌಕಕ್ಕೆ ಸಾಬೂನೂ ಒಂದೇ ಉಕ್ಕೂ ಒಂದೇ. ಹೀಗೆ ಒಂದು ಶತಮಾನದೊಳಗೆ ಸಲಹೆಯು ತನ್ನ ವಸ್ತುವಿನಿಂದ ಕಳಚಿಕೊಂಡು, ಯಾವ ವಸ್ತುವಿಗಾದರೂ ಹೊಂದಿಸಬಹುದಾದ ವಿಧಾನವಾಯಿತು. ಹಾಗಾದ ಮೇಲೆಯೇ ಕ್ಷೇತ್ರ ಎಂಬುದು ಆರಿಸಿಕೊಳ್ಳಬೇಕಾದ ಸಂಗತಿಯೂ ಆಯಿತು.

ವಸ್ತುವಿಲ್ಲದ ಜ್ಞಾನ ಎಂಬುದೊಂದು ಸಾಧ್ಯವೇ ಎಂಬ ಸಂದೇಹವನ್ನು ಪ್ಲೇಟೋ ತನ್ನ ಖಾರ್ಮಿಡೀಸ್ ಸಂವಾದದಲ್ಲಿ ಬಹಳ ಸೂಕ್ಷ್ಮವಾಗಿ ವಿಚಾರಿಸಿದ್ದಾನೆ. ಅಲ್ಲಿ ಕ್ರಿಟಿಯಾಸ್ ಎಂಬವನು ವಿವೇಕವೆಂದರೆ ಜ್ಞಾನದ ಜ್ಞಾನ, ಎಂದರೆ ಇತರ ಎಲ್ಲ ವಿದ್ಯೆಗಳನ್ನು ಮೇಲಿನಿಂದ ನೋಡಿ ತೂಗುವ ವಿದ್ಯೆ ಎಂದು ವಾದಿಸುತ್ತಾನೆ. ಸಾಕ್ರಟೀಸ್ ಅದನ್ನು ಒಪ್ಪಿದಂತೆ ಮಾಡಿ ಕೇಳುವ ಪ್ರಶ್ನೆ ಸರಳವಾದದ್ದು: ಆರೋಗ್ಯದ ಬಗೆಗೆ ಏನೂ ತಿಳಿಯದ, ಜ್ಞಾನದ ಬಗೆಗೆ ಮಾತ್ರ ತಿಳಿದ ಒಬ್ಬನು ನಿಜವಾದ ವೈದ್ಯನನ್ನೂ ವೈದ್ಯನ ವೇಷದವನನ್ನೂ ಬೇರೆಮಾಡಿ ತೋರಿಸಬಲ್ಲನೇ? ಬಲ್ಲವನಲ್ಲ; ಎದುರಿಗಿರುವವನಿಗೆ ಏನೋ ತಿಳಿದಿದೆ ಎಂಬಷ್ಟನ್ನು ಅವನು ಹೇಳಬಹುದೇ ಹೊರತು, ಏನು ತಿಳಿದಿದೆ ಎಂಬುದನ್ನು ಹೇಳಲಾರನು, ಏಕೆಂದರೆ ವೈದ್ಯನನ್ನು ಪರೀಕ್ಷಿಸಲು ವೈದ್ಯವೇ ಗೊತ್ತಿರಬೇಕು. ಗೋರ್ಗಿಯಾಸ್ ಎಂಬ ಇನ್ನೊಂದು ಸಂವಾದದಲ್ಲಿ ಇದೇ ಸಂಗತಿ ಮತ್ತೊಂದು ಮುಖದಿಂದ ಬರುತ್ತದೆ. ತನ್ನ ಅಣ್ಣನೋ ತಮ್ಮನೋ ಆದ ವೈದ್ಯನು ಹೇಳಿದರೂ ಕೇಳದ ರೋಗಿ ತನ್ನ ಮಾತಿನ ಬಲಕ್ಕೆ ಒಪ್ಪಿ ಔಷಧ ಕುಡಿದನೆಂದು ವಾಗ್ಮಿಯಾದ ಗೋರ್ಗಿಯಾಸನು ಹೆಮ್ಮೆಪಡುತ್ತಾನೆ. ಔಷಧ ಯಾವುದೆಂದು ತಿಳಿದವನು ವೈದ್ಯ, ಕುಡಿಸಿದವನು ಗೋರ್ಗಿಯಾಸ್. ಕಾರ್ಖಾನೆಯ ಮೇಸ್ತ್ರಿಗೆ ಹತ್ತು ವರ್ಷಗಳಿಂದ ಗೊತ್ತಿದ್ದ ಸಂಗತಿಯನ್ನು ಅಂದವಾದ ಚಿತ್ರಪಟಗಳಲ್ಲಿ ಆಡಳಿತ ಮಂಡಳಿಯ ಮುಂದಿಟ್ಟು ಒಪ್ಪಿಸುವ ಸಲಹೆಗಾರನು ಇವರಲ್ಲಿ ಯಾರ ವಂಶದವನೆಂದು ಬಿಡಿಸಿ ಹೇಳಬೇಕಾಗಿಲ್ಲ. ಜ್ಞಾನದ ಜ್ಞಾನವನ್ನು ಸಮರ್ಥಿಸಿದ ಕ್ರಿಟಿಯಾಸನು ಮುಂದೆ, ಕ್ರಿ.ಪೂ. 404ರಲ್ಲಿ, ಅಥೆನ್ಸನ್ನು ಆಳಿದ ಮೂವತ್ತು ಮಂದಿ ನಿರಂಕುಶರ ಮುಂದಾಳಾದನು ಎಂಬುದು ಪ್ಲೇಟೋನ ಓದುಗರಿಗೆ ತಿಳಿದಿದ್ದ ಇತಿಹಾಸ. ಆ ಪಾತ್ರಕ್ಕೆ ಆ ಮಾತನ್ನು ಕೊಟ್ಟದ್ದು ಆಕಸ್ಮಿಕವಾಗಿರಲಾರದು.

ಅರಿಸ್ಟಾಟಲನು ಇದಕ್ಕೆ ವಯಸ್ಸಿನ ಪ್ರಶ್ನೆಯನ್ನು ಸೇರಿಸುತ್ತಾನೆ. ನೀತಿಶಾಸ್ತ್ರವನ್ನು ಕುರಿತ ತನ್ನ ಗ್ರಂಥದ ಆರನೆಯ ಭಾಗದಲ್ಲಿ ಅವನು, ಹರೆಯದವರು ಗಣಿತದಲ್ಲಿ ಪಂಡಿತರಾಗಬಹುದು, ಆದರೆ ಫ್ರೊನೆಸಿಸ್ ಎಂಬ ಕಾರ್ಯವಿವೇಕ ಅವರಿಗೆ ಬರುವುದು ಕಷ್ಟ ಎನ್ನುತ್ತಾನೆ. ಕಾರ್ಯವಿವೇಕವು ಬಿಡಿಬಿಡಿ ಸಂಗತಿಗಳಿಗೆ ಸಂಬಂಧಿಸಿದ್ದು, ಬಿಡಿ ಸಂಗತಿಗಳು ಅನುಭವದಿಂದ ಮಾತ್ರ ತಿಳಿಯತಕ್ಕವು, ಅನುಭವಕ್ಕೆ ಕಾಲ ಬೇಕು. ಸಲಹಾಸಂಸ್ಥೆಗಳು ಇಪ್ಪತ್ತೆರಡು ಇಪ್ಪತ್ತಮೂರರ ವಯಸ್ಸಿನ ಗಣಿತಪಟುಗಳನ್ನು ತೆಗೆದುಕೊಳ್ಳುವುದನ್ನು ನೋಡಿದರೆ, ಈ ವಾಕ್ಯದ ಮೊದಲರ್ಧವನ್ನು ಅವು ಒಪ್ಪಿವೆ ಎಂದಾಯಿತು. ಎರಡನೆಯ ಅರ್ಧಕ್ಕೆ ಇರುವ ದಾರಿ ಒಂದೇ: ಆ ತರುಣನು ಯಾವುದಾದರೂ ಒಂದು ಕಡೆ ನೆಲೆನಿಂತು ಬಿಡಿ ಸಂಗತಿಗಳನ್ನು ಕೂಡಿಹಾಕಬೇಕು. ಕ್ಷೇತ್ರ ಬೇಕೇ ಬೇಡವೇ ಎಂಬ ಮೊದಲ ಪ್ರಶ್ನೆ ಇಲ್ಲಿಗೆ ತೀರುತ್ತದೆ. ಅದಕ್ಕೊಂದು ನಿದರ್ಶನ ನಮ್ಮಲ್ಲಿಯೇ ಇದೆ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿಯ ಪ್ರವಾಹ ಹೈದರಾಬಾದನ್ನು ಹಾಳುಗೆಡವಿದಾಗ ನಿಜಾಮರ ಸರ್ಕಾರ ಸಲಹೆಗೆ ಕರೆದದ್ದು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಅಷ್ಟರಲ್ಲಿ ಅವರು ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ 1884ರಿಂದ ನೀರಿನ ಕೆಲಸ ಮಾಡಿ, ಖಡಕ್‌ವಾಸ್ಲಾ ಜಲಾಶಯಕ್ಕೆ ತಾವೇ ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಇರಿಸಿ, ಸೇವೆಯಿಂದ ಹೊರಬಂದಿದ್ದರು. ಹೈದರಾಬಾದಿನಲ್ಲಿ ಅವರ ಹುದ್ದೆಯ ಹೆಸರಿನಲ್ಲಿಯೂ ಸಲಹೆಗಾರ ಎಂಬ ಮಾತೇ ಇತ್ತು. ಊರಿನ ಮೇಲ್ಗಡೆ ಜಲಾಶಯಗಳನ್ನು ಕಟ್ಟಿ ನೆರೆಯನ್ನು ತಡೆಯಬೇಕೆಂಬ ಅವರ ಸಲಹೆಯಿಂದ ಮುಂದೆ ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರ ಕೆರೆಗಳು ಬಂದವು. ಆ ಸಲಹೆಯ ಹಿಂದೆ ಇದ್ದದ್ದು ಇಪ್ಪತ್ತನಾಲ್ಕು ವರ್ಷಗಳ ನೀರು.

ಆದರೆ ಕ್ಷೇತ್ರ ಬೇಕೆಂದಾದ ಮೇಲೆ ಯಾವ ಕ್ಷೇತ್ರ ಎಂಬುದು ಉಳಿಯುತ್ತದೆ. ಇಲ್ಲಿ ಸಲಹಾವೃತ್ತಿಯವರಲ್ಲಿ ಬಲವಾಗಿ ಬೇರೂರಿರುವ ಒಂದು ನಂಬಿಕೆಯನ್ನು ಪರೀಕ್ಷಿಸಬೇಕಾಗುತ್ತದೆ. ವಿಧಾನಕ್ಕೆ ಪಾಪಪುಣ್ಯವಿಲ್ಲ, ಅದನ್ನು ಬಳಸುವ ಕಂಪನಿಗೆ ಇದ್ದರೆ ಇರಬಹುದು ಎಂಬುದು ಆ ನಂಬಿಕೆ. ಅಮೆರಿಕದ ಓಪಿಯಾಯ್ಡ್ ಪ್ರಕರಣ, ಎಂದರೆ ಅಫೀಮಿನ ಜಾತಿಯ ನೋವುನಿವಾರಕ ಗುಳಿಗೆಗಳ ಅತಿಬಳಕೆಯಿಂದ ಲಕ್ಷಾಂತರ ಸಾವುಗಳಾದ ವಿಪತ್ತು, ಈ ನಂಬಿಕೆಯನ್ನು ಎಲ್ಲರ ಎದುರಿಗೆ ಒಡೆದು ತೋರಿಸಿತು. ಆಕ್ಸಿಕಾಂಟಿನ್ ತಯಾರಕರಾದ ಪರ್ಡ್ಯೂ ಫಾರ್ಮಾ ಮೊದಲಾದವರಿಗೆ ಮಾರಾಟ ಹೆಚ್ಚಿಸುವ ಸಲಹೆ ನೀಡಿದ್ದ ಮೆಕಿನ್ಸಿ ಸಂಸ್ಥೆ 2021ರ ಫೆಬ್ರುವರಿಯಲ್ಲಿ, ತಪ್ಪನ್ನು ಒಪ್ಪಿಕೊಳ್ಳದೆಯೇ, 47 ರಾಜ್ಯಗಳೂ ಸೇರಿದಂತೆ ಅಲ್ಲಿನ ಸರ್ಕಾರಗಳೊಡನೆ ಸುಮಾರು 57 ಕೋಟಿ ಡಾಲರುಗಳ ರಾಜಿ ಮಾಡಿಕೊಂಡಿತು; 2024ರ ಡಿಸೆಂಬರಿನಲ್ಲಿ ಅಮೆರಿಕದ ನ್ಯಾಯ ಇಲಾಖೆಯೊಡನೆ ಮತ್ತೆ 65 ಕೋಟಿ ಡಾಲರುಗಳ ಒಪ್ಪಂದವಾಯಿತು. ದಂಡದ ಮೊತ್ತಕ್ಕಿಂತ ವಿಧಾನದ ಸಾಮಾನ್ಯತೆಯೇ ಇಲ್ಲಿ ವಿಚಾರಕ್ಕೆ ಯೋಗ್ಯವಾದದ್ದು. ಹೆಚ್ಚು ಚೀಟಿ ಬರೆಯುವ ವೈದ್ಯರು ಯಾರೆಂದು ಅಂಕಿಅಂಶದಿಂದ ಗುರುತಿಸಿ, ಮಾರಾಟ ಪ್ರತಿನಿಧಿಗಳನ್ನು ಅವರ ಬಳಿಗೇ ಹೆಚ್ಚು ಸಲ ಕಳಿಸಬೇಕೆಂಬುದು ಆ ಸಲಹೆಯ ಒಂದು ಮುಖ್ಯ ಅಂಶ. ಇದೇ ಲೆಕ್ಕವನ್ನು ಶಾಂಪೂವಿಗೆ ಮಾಡಿದರೆ, ಹೆಚ್ಚು ಮಾರುವ ಅಂಗಡಿಗೆ ಹೆಚ್ಚು ಸಲ ಹೋಗು ಎಂಬ ನಿರುಪದ್ರವಿ ಬುದ್ಧಿವಾದವಾಗುತ್ತದೆ. ವಿಧಾನ ಬದಲಾಗಿಲ್ಲ, ಕ್ಷೇತ್ರ ಬದಲಾಗಿದೆ. ಅಷ್ಟಕ್ಕೇ ಒಂದೇ ಕೋಷ್ಟಕವು ಒಂದೆಡೆ ವ್ಯಾಪಾರವೂ ಇನ್ನೊಂದೆಡೆ ಅಪಾಯವೂ ಆಗಿದೆ. ಆದ್ದರಿಂದ ಸಲಹೆಗಾರನ ನೀತಿಯು ಅವನ ವಿಧಾನದಲ್ಲಿ ಇರುವಷ್ಟೇ, ಬಹುಶಃ ಅದಕ್ಕಿಂತಲೂ ಹೆಚ್ಚಾಗಿ, ಅವನು ಆರಿಸಿದ ಕ್ಷೇತ್ರದಲ್ಲಿ ಅಡಗಿದೆ.

ಹಾಗಾದರೆ ಕೆಲವು ಕ್ಷೇತ್ರಗಳನ್ನು ಮೊದಲೇ ತೆಗೆದುಹಾಕಿಬಿಟ್ಟರೆ ಸಾಲದೇ ಎಂದು ಯಾರಿಗಾದರೂ ತೋರಬಹುದು. ಶ್ರಮಣ ಪರಂಪರೆಗಳು ಹಿಡಿದದ್ದು ಆ ದಾರಿಯನ್ನು. ಬುದ್ಧನು ಹೇಳಿದ ಎಂಟು ಅಂಗಗಳ ಮಾರ್ಗದಲ್ಲಿ ಸಮ್ಯಕ್ ಆಜೀವ, ಎಂದರೆ ಸರಿಯಾದ ಜೀವನೋಪಾಯ, ಐದನೆಯದು. ಬೌದ್ಧರ ಅಂಗುತ್ತರ ನಿಕಾಯದ ಚಿಕ್ಕ ಸುತ್ತವೊಂದು, ಎಂದರೆ ಉಪದೇಶವೊಂದು, ಗೃಹಸ್ಥನು ಮಾಡಬಾರದ ವ್ಯಾಪಾರಗಳು ಐದೆಂದು ಎಣಿಸಿ ಆಯುಧ, ಜೀವಿಗಳು, ಮಾಂಸ, ಮದ್ಯ ಮತ್ತು ವಿಷ ಎಂದು ಹೇಳುತ್ತದೆ. ಜೈನರ ಪಟ್ಟಿ ಇದಕ್ಕಿಂತ ದೊಡ್ಡದು. ಶ್ವೇತಾಂಬರ ಆಗಮವಾದ ಉಪಾಸಕದಶಾಂಗದಲ್ಲಿಯೂ, 12ನೆಯ ಶತಮಾನದಲ್ಲಿ ಗುಜರಾತಿನ ಹೇಮಚಂದ್ರಾಚಾರ್ಯನು ಬರೆದ ಯೋಗಶಾಸ್ತ್ರದಲ್ಲಿಯೂ ಹದಿನೈದು ಕರ್ಮಾದಾನಗಳು ಬರುತ್ತವೆ. ಕರ್ಮಾದಾನವೆಂದರೆ ಮಾಡುವವನಿಗೆ ಭಾರವಾದ ಕರ್ಮವನ್ನು ತಂದು ಅಂಟಿಸುವ ಕಸುಬು. ಇದ್ದಿಲು ಸುಡುವುದು, ಕಾಡು ಕಡಿಯುವುದು, ನೆಲವನ್ನು ಅಗೆದು ಒಡೆಯುವುದು, ದಂತದ ಮಾರಾಟ, ವಿಷದ ಮಾರಾಟ, ಯಂತ್ರದಲ್ಲಿ ಅರೆದು ಹಿಂಡುವುದು, ಕಾಡಿಗೆ ಬೆಂಕಿ ಕೊಡುವುದು ಇವೆಲ್ಲ ಅದರಲ್ಲಿ ಸೇರಿವೆ. ಕೆರೆಗಳನ್ನು ಬತ್ತಿಸುವ ಸರಃಶೋಷಣ ಎಂಬುದೂ ಅವುಗಳಲ್ಲೊಂದು. ಆ ಒಂದೇ ನಿಷೇಧವನ್ನು ಪಾಲಿಸಿದ್ದರೆ ಬೆಂಗಳೂರಿನ ಎಷ್ಟು ಬಡಾವಣೆಗಳು ಹುಟ್ಟುತ್ತಿರಲಿಲ್ಲ ಎಂಬುದನ್ನು ಓದುಗರೇ ಎಣಿಸಿಕೊಳ್ಳಬಹುದು. ಕಸುಬಿನ ಕೈಯಲ್ಲಿ ಎಷ್ಟು ಜೀವಗಳು ಅಳಿಯುತ್ತವೆ ಎಂಬುದನ್ನೇ ಅಳತೆಯಾಗಿಟ್ಟುಕೊಂಡು ಉದ್ಯಮಗಳನ್ನು ವರ್ಗೀಕರಿಸಿದ ಇಂಥ ಪಟ್ಟಿ ಪ್ರಾಚೀನ ಲೋಕದಲ್ಲಿ ಅಪರೂಪ.

ಈ ಪಟ್ಟಿಗಳಿಗೆ ಗೌರವ ಸಲ್ಲಬೇಕು, ಆದರೆ ಸಲಹೆಗಾರನಿಗೆ ಅವು ಸಾಲುವುದಿಲ್ಲ. ಅವು ಮಾಡುವವನಿಗೆ ಮತ್ತು ಮಾರುವವನಿಗೆ ಹೇಳಿದವುಗಳು. ಮಾರುವವನಿಗೆ ಹೇಳಿಕೊಡುವವನು ಅವುಗಳಲ್ಲಿ ಇಲ್ಲ. ಅದಲ್ಲದೆ ನಿಷಿದ್ಧವೆಂಬ ಕ್ಷೇತ್ರದಲ್ಲಿ ಇರುವವರೆಲ್ಲ ಒಂದೇ ಬಗೆಯವರಲ್ಲ. ಹುಣಸೂರು ಪಿರಿಯಾಪಟ್ಟಣಗಳ ತಂಬಾಕು ಬೆಳೆಗಾರನನ್ನು ಬೇರೆ ಬೆಳೆಗೆ ತಿರುಗಿಸುವ ಯೋಜನೆಯನ್ನು ರೂಪಿಸುವವನೂ ತಂಬಾಕಿನ ಕ್ಷೇತ್ರದ ಸಲಹೆಗಾರನೇ, ಹದಿಹರೆಯದವರಿಗೆ ಸಿಗರೇಟು ಮಾರುವ ದಾರಿ ಹುಡುಕುವವನೂ ತಂಬಾಕಿನ ಕ್ಷೇತ್ರದ ಸಲಹೆಗಾರನೇ. ಹೇಮಚಂದ್ರನು ಗುಜರಾತಿನಲ್ಲಿ ಪಟ್ಟಿ ಬರೆದ ಅದೇ ಶತಮಾನದಲ್ಲಿ ಕಲ್ಯಾಣದ ಶರಣರು ಬೇರೊಂದು ದಾರಿ ಹಿಡಿದಿದ್ದರು. ಅವರ ನಡುವೆ ಹೆಂಡದ ಮಾರಯ್ಯ ಎಂಬ ವಚನಕಾರನಿದ್ದನು. ಬೌದ್ಧ ಸುತ್ತವು ಹೆಸರಿಸಿ ನಿಷೇಧಿಸಿದ ಕಸುಬು ಇಲ್ಲಿ ಶರಣನ ಹೆಸರಿನೊಳಗೇ ಉಳಿದುಕೊಂಡಿತು. ಕಾಯಕ ಎಂಬ ಪರಿಕಲ್ಪನೆ, ಎಂದರೆ ಜೀವನೋಪಾಯದ ದುಡಿಮೆಯೇ ಪೂಜೆಯಾಗುವುದು ಎಂಬ ನಿಲುವು, ಕಸುಬುಗಳನ್ನು ಮೇಲುಕೀಳೆಂದು ವಿಂಗಡಿಸಲು ಒಪ್ಪಲಿಲ್ಲ. ಯಾವ ಕಸುಬು ಎಂಬುದಕ್ಕಿಂತ ಅದರಲ್ಲಿ ಸತ್ಯವೂ ಶುದ್ಧಿಯೂ ಇವೆಯೇ, ಬಂದದ್ದು ದಾಸೋಹಕ್ಕೆ, ಎಂದರೆ ಸಮುದಾಯದ ಪಾಲಿಗೆ ಸಲ್ಲುತ್ತದೆಯೇ ಎಂದು ಅದು ಕೇಳಿತು.

ಭಗವದ್ಗೀತೆಯ ಕೊನೆಯ ಅಧ್ಯಾಯವೂ, ಬೇರೆ ಕಾರಣದಿಂದ, ಕಳಂಕವಿಲ್ಲದ ಕ್ಷೇತ್ರದ ಹುಡುಕಾಟವನ್ನು ನಿರುತ್ಸಾಹಗೊಳಿಸುತ್ತದೆ: ಬೆಂಕಿಗೆ ಹೊಗೆ ಕವಿದಿರುವಂತೆ ಎಲ್ಲ ಉದ್ಯೋಗಗಳಿಗೂ ದೋಷ ಕವಿದೇ ಇರುತ್ತದೆ, ಆದ್ದರಿಂದ ಸಹಜವಾದ ಕರ್ಮವನ್ನು ಬಿಡಬಾರದು ಎಂಬುದು ಅದರ ವಾದ. ಸಹಜ ಎಂಬ ಮಾತನ್ನು ಹುಟ್ಟಿನಿಂದ ಬಂದದ್ದು ಎಂದು ಓದಿ ಜಾತಿಯ ಕಟ್ಟಿಗೆ ಬಳಸಿದ ದೀರ್ಘ ಇತಿಹಾಸವನ್ನು ಮರೆಯುವಂತಿಲ್ಲ. ಶರಣರ ದಂಗೆ ಎದ್ದದ್ದೂ ಅದರ ವಿರುದ್ಧವೇ. ತಮ್ಮ ಗೀತಾತಾತ್ಪರ್ಯಕ್ಕೆ ಜೀವನಧರ್ಮಯೋಗ ಎಂಬ ಹೆಸರನ್ನಿತ್ತ ಡಿ.ವಿ. ಗುಂಡಪ್ಪನವರಂಥವರು ಗೀತೆಯನ್ನು ಬದುಕಿನ ನಡುವೆ ಪ್ರತಿಯೊಬ್ಬನೂ ಬಿಡಿಸಿಕೊಳ್ಳಬೇಕಾದ ಕರ್ತವ್ಯದ ಪ್ರಶ್ನೆಯಾಗಿ ಓದುವ ದಾರಿಯನ್ನು ಕನ್ನಡದಲ್ಲಿ ತೆರೆದಿಟ್ಟರು. ಆ ದಾರಿಯಲ್ಲಿ ಓದಿದರೂ ಒಂದು ಕೊರತೆ ಉಳಿಯುತ್ತದೆ. ಹೊಗೆಯಿಲ್ಲದ ಬೆಂಕಿಯಿಲ್ಲ ಎಂದ ಮಾತ್ರಕ್ಕೆ ಯಾವ ಸೌದೆಯಾದರೂ ಸರಿ ಎಂದಾಗುವುದಿಲ್ಲ. ಹಸಿ ಸೌದೆಯ ಹೊಗೆ ಬೇರೆ, ಒಣ ಸೌದೆಯದು ಬೇರೆ, ಒಬ್ಬನ ಕಣ್ಣು ತಡೆಯುವ ಹೊಗೆ ಇನ್ನೊಬ್ಬನ ಕಣ್ಣು ತಡೆಯುವುದಿಲ್ಲ. ಪಟ್ಟಿಗಳು ಕ್ಷೇತ್ರವನ್ನು ನೋಡಿದವು, ಕಾಯಕವು ಮಾಡುವ ಬಗೆಯನ್ನು ನೋಡಿತು. ಈ ಕ್ಷೇತ್ರಕ್ಕೆ ಈ ಮನುಷ್ಯನು ತಕ್ಕವನೇ ಎಂಬ ಮೂರನೆಯ ಪ್ರಶ್ನೆಯನ್ನು ನೇರವಾಗಿ ಕೇಳಿದವನು ಕೌಟಿಲ್ಯ.

ಅವನ ಗ್ರಂಥವಾದ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗುರುತಿಸಿ 1909ರಲ್ಲಿ ಅಚ್ಚುಹಾಕಿಸಿದವರು ರುದ್ರಪಟ್ಟಣದ ಶಾಮಶಾಸ್ತ್ರಿಗಳು. ಸಲಹೆಯ ಬಗೆಗೆ ಆ ಗ್ರಂಥದಲ್ಲಿ ಬಹಳಷ್ಟು ಇದೆ. ಮಂತ್ರ, ಎಂದರೆ ಗುಟ್ಟಿನಲ್ಲಿ ನಡೆಯುವ ಕಾರ್ಯವಿಚಾರ, ಐದು ಅಂಗಗಳುಳ್ಳದ್ದು: ಕೆಲಸವನ್ನು ಆರಂಭಿಸುವ ಉಪಾಯ, ಜನ ಮತ್ತು ದ್ರವ್ಯಗಳ ಒದಗಿಕೆ, ದೇಶಕಾಲಗಳ ವಿಂಗಡಣೆ, ಕೆಟ್ಟರೆ ಮಾಡಬೇಕಾದ ಪ್ರತೀಕಾರ, ಕಾರ್ಯದ ಸಿದ್ಧಿ. ಇಂದಿನ ಸಲಹಾವರದಿಗಳ ಪರಿವಿಡಿಗಳಿಗೆ ಇದಕ್ಕಿಂತ ಹೆಚ್ಚಿನದೇನನ್ನೂ ಸೇರಿಸಲು ಸಾಧ್ಯವಾಗಿಲ್ಲ. ಆದರೆ ಇಲ್ಲಿಗೆ ಬೇಕಾದದ್ದು ಮೊದಲ ಅಧಿಕರಣದ ಹತ್ತನೆಯ ಅಧ್ಯಾಯ. ಅಮಾತ್ಯರನ್ನು, ಎಂದರೆ ರಾಜ್ಯದ ಮೇಲ್ದರ್ಜೆಯ ಅಧಿಕಾರಿಗಳನ್ನು, ಮೊದಲು ಸಾಮಾನ್ಯವಾದ ಕೆಲಸಗಳಲ್ಲಿ ಇರಿಸಿ, ಆಮೇಲೆ ಉಪಧೆಗಳಿಂದ ಪರೀಕ್ಷಿಸಬೇಕೆಂದು ಅದು ವಿಧಿಸುತ್ತದೆ. ಉಪಧೆಯೆಂದರೆ ಒಬ್ಬನ ಒಳಗಿನ ಶುದ್ಧಿಯನ್ನು ತಿಳಿಯಲು ಅವನಿಗೆ ಅರಿವಾಗದಂತೆ ಒಡ್ಡುವ ಪ್ರಲೋಭನೆ. ಅವು ಧರ್ಮ, ಅರ್ಥ, ಕಾಮ, ಭಯ ಎಂದು ನಾಲ್ಕು.

ಅರ್ಥೋಪಧೆಯಲ್ಲಿ ಪದಚ್ಯುತನಾದಂತೆ ನಟಿಸುವ ಸೇನಾಪತಿಯ ಕಡೆಯವರು ಹಣದ ಆಸೆ ತೋರಿಸಿ ರಾಜದ್ರೋಹಕ್ಕೆ ಕರೆಯುತ್ತಾರೆ. ಕಾಮೋಪಧೆಯಲ್ಲಿ ಅಂತಃಪುರದ ವಿಶ್ವಾಸ ಗಳಿಸಿದ ಪರಿವ್ರಾಜಿಕೆಯೊಬ್ಬಳು ರಾಣಿಗೆ ನಿನ್ನ ಮೇಲೆ ಮನಸ್ಸಾಗಿದೆ ಎಂದು ಸುದ್ದಿ ತರುತ್ತಾಳೆ. ಭಯೋಪಧೆಯಲ್ಲಿ ಅಮಾತ್ಯರನ್ನು ಸೆರೆಗೆ ಹಾಕಿ, ಅಲ್ಲಿ ಮೊದಲೇ ಇದ್ದ ಕಪಟ ವಿದ್ಯಾರ್ಥಿಯಿಂದ ಅವರನ್ನು ಕೆರಳಿಸಲಾಗುತ್ತದೆ. ನಾಲ್ಕರಲ್ಲಿ ಅತ್ಯಂತ ಕುಶಲವಾದದ್ದು ಧರ್ಮೋಪಧೆ. ಅದರಲ್ಲಿ ಆಮಿಷ ಹಣವಲ್ಲ, ಸುಖವಲ್ಲ. ಪದಚ್ಯುತನಾದ ಪುರೋಹಿತನ ಕಡೆಯವರು ಬಂದು, ಈ ರಾಜನು ಅಧಾರ್ಮಿಕನಾಗಿದ್ದಾನೆ, ಧಾರ್ಮಿಕನಾದ ಇನ್ನೊಬ್ಬನನ್ನು ತರೋಣ ಎನ್ನುತ್ತಾರೆ. ಧರ್ಮದ ಹೆಸರಿನಲ್ಲಿಯೇ ಮನುಷ್ಯನು ಜಾರಬಲ್ಲನೆಂದು ಕೌಟಿಲ್ಯನಿಗೆ ಗೊತ್ತಿತ್ತು.

ಪರೀಕ್ಷೆಯ ಫಲವಾಗಿ ಬರುವ ನೇಮಕಗಳಲ್ಲಿ ಈ ಅಧ್ಯಾಯದ ನಿಜವಾದ ತತ್ತ್ವವಿದೆ. ಧರ್ಮೋಪಧೆಯಲ್ಲಿ ಶುದ್ಧರೆನಿಸಿದವರು ನ್ಯಾಯವಿಚಾರಣೆಗೆ, ಅರ್ಥೋಪಧೆಯಲ್ಲಿ ಶುದ್ಧರಾದವರು ಕಂದಾಯ ಮತ್ತು ಬೊಕ್ಕಸಕ್ಕೆ, ಕಾಮೋಪಧೆಯಲ್ಲಿ ಶುದ್ಧರಾದವರು ವಿಹಾರಸ್ಥಾನಗಳ ರಕ್ಷಣೆಗೆ, ಭಯೋಪಧೆಯಲ್ಲಿ ಶುದ್ಧರಾದವರು ರಾಜನ ಹತ್ತಿರದ ಕೆಲಸಗಳಿಗೆ, ನಾಲ್ಕರಲ್ಲಿಯೂ ಶುದ್ಧರಾದವರು ಮಂತ್ರಿಪದವಿಗೆ. ಯಾರಿಗೆ ಯಾವ ಕೆಲಸ ಇಷ್ಟ ಎಂದಾಗಲಿ, ಯಾರು ಯಾವುದರಲ್ಲಿ ಚತುರರು ಎಂದಾಗಲಿ ಇಲ್ಲಿ ಕೇಳಿಲ್ಲ. ಚಾತುರ್ಯದ ವಿಚಾರ ಹಿಂದಿನ ಅಧ್ಯಾಯಗಳಲ್ಲಿಯೇ ಮುಗಿದಿದೆ. ಪ್ರತಿಯೊಂದು ಕ್ಷೇತ್ರಕ್ಕೂ ಅದರದೇ ಆದ ಆಮಿಷವಿದೆ, ಆ ಆಮಿಷಕ್ಕೆ ಬಗ್ಗದವನೇ ಆ ಕ್ಷೇತ್ರಕ್ಕೆ ತಕ್ಕವನು ಎಂಬುದೇ ಅಲ್ಲಿನ ನಿಯಮ. ನಾಲ್ಕರಲ್ಲಿಯೂ ಅಶುದ್ಧರಾದವರನ್ನು ಗಣಿ, ಮರಮುಟ್ಟಿನ ಕಾಡು, ಆನೆಗಳ ಕಾಡು ಮತ್ತು ಕಾರ್ಖಾನೆಗಳಿಗೆ ಕಳಿಸಬೇಕೆಂದೂ ಅದು ಹೇಳುತ್ತದೆ. ಗಣಿಗಾರಿಕೆ ಮತ್ತು ತಯಾರಿಕೆಯ ಕ್ಷೇತ್ರಗಳಲ್ಲಿ ಪರಿಣತರಾದ ಇಂದಿನ ಸಲಹೆಗಾರರಿಗೆ ಇದು ಹಿತವಾದ ವಾಕ್ಯವಲ್ಲ. ಬಳ್ಳಾರಿಯ ಅಕ್ರಮ ಅದಿರು ಗಣಿಗಾರಿಕೆಯ ಕಥೆ ಬಲ್ಲ ಕನ್ನಡಿಗರು ಕೌಟಿಲ್ಯನು ಗಣಿಯನ್ನು ತೀರಾ ಹಗುರವಾಗಿ ಎಣಿಸಿದನೆಂದು ಆಕ್ಷೇಪಿಸಲೂಬಹುದು.

ಈ ನಿಯಮವನ್ನು ಇಂದಿನ ವೃತ್ತಿಗೆ ಹೊಂದಿಸಿದರೆ ಕ್ಷೇತ್ರಗಳ ಮುಖವೇ ಬೇರೆಯಾಗಿ ಕಾಣುತ್ತದೆ. ಸರ್ಕಾರಿ ಮತ್ತು ಸಾಮಾಜಿಕ ವಲಯವನ್ನು ಒಳ್ಳೆಯ ಮನಸ್ಸಿನ ತರುಣರು ನಿರಪಾಯವೆಂದು ಬಗೆದು ಆರಿಸಿಕೊಳ್ಳುವುದುಂಟು, ಆದರೆ ಧರ್ಮೋಪಧೆ ಬಲವಾಗಿರುವುದು ಅಲ್ಲಿಯೇ. ಜನ ಆರಿಸಿದವರಿಗಿಂತ ಜನಹಿತ ತನಗೇ ಚೆನ್ನಾಗಿ ತಿಳಿದಿದೆ, ಆದ್ದರಿಂದ ಅವರನ್ನು ಸುತ್ತುಹಾಕಿ ನಡೆದರೂ ತಪ್ಪಿಲ್ಲ ಎಂಬ ಭಾವನೆ ಅಲ್ಲಿ ಸದ್ಗುಣದ ವೇಷದಲ್ಲಿ ಬರುತ್ತದೆ. ಬಳಕೆ ಸರಕು, ಮನರಂಜನೆ, ಸೌಂದರ್ಯಸಾಧನಗಳ ಕ್ಷೇತ್ರದಲ್ಲಿ ಕಾಮ, ಎಂದರೆ ವಿಶಾಲಾರ್ಥದ ಬಯಕೆ, ಅಧ್ಯಯನದ ವಸ್ತುವೇ ಆಗಿದ್ದು, ಇನ್ನೊಬ್ಬರ ಬಯಕೆಯನ್ನು ಕೆರಳಿಸುವ ಕೆಲಸವನ್ನು ಅವರ ಅಗತ್ಯವನ್ನು ಪೂರೈಸುವ ಕೆಲಸವೆಂದು ಹೆಸರಿಸುವುದು ಸುಲಭ. ನಷ್ಟದ ಕಂಪನಿಗಳನ್ನು ಸರಿಪಡಿಸುವ, ನೌಕರರನ್ನು ಕಡಿತಗೊಳಿಸುವ ಕೆಲಸಗಳಲ್ಲಿ ಸಲಹೆಗಾರನು ಆಳುವವನ ತೀರಾ ಹತ್ತಿರ ಇರುತ್ತಾನೆ. ಆಳುವವನಿಗೆ ಬೇಡವಾದ ಸತ್ಯವನ್ನು ಹೇಳಿದರೆ ಕೆಲಸ ಕೈತಪ್ಪುತ್ತದೆ ಎಂಬ ಭಯ ಅಲ್ಲಿಯ ಉಪಧೆ, ಕೌಟಿಲ್ಯನು ಭಯಶುದ್ಧರನ್ನೇ ರಾಜನ ಹತ್ತಿರಕ್ಕೆ ಕಳಿಸಿದ್ದೂ ಅದಕ್ಕೇ ಇರಬೇಕು.

ಹಣಕಾಸು ಕ್ಷೇತ್ರಕ್ಕೆ ಅರ್ಥೋಪಧೆ ಸಹಜವೆಂದು ತೋರುತ್ತದೆ, ಆದರೆ ಸಲಹಾವೃತ್ತಿಯಲ್ಲಿ ಅರ್ಥದ ಆಮಿಷ ಲಂಚದ ರೂಪದಲ್ಲಿ ಬರುವುದು ವಿರಳ. ಅದು ಬರುವುದು ಕೆಲಸದ ಮುಂದುವರಿಕೆಯ ರೂಪದಲ್ಲಿ: ಎಂಟು ವಾರಗಳಲ್ಲಿ ಮುಗಿದ ಪ್ರಶ್ನೆಗೆ ಎರಡನೆಯ ಹಂತ, ಅದಕ್ಕೊಂದು ಮೂರನೆಯ ಹಂತ. ಶರಣನಾದ ಆಯ್ದಕ್ಕಿ ಮಾರಯ್ಯನು ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ತಂದಲ್ಲಿಗೇ ಹಿಂದಕ್ಕೆ ಕಳಿಸಿದಳೆಂಬ ಕಥೆಯನ್ನು ಕನ್ನಡಿಗರೆಲ್ಲ ಬಲ್ಲರು. ಇಲ್ಲಿಗೆ ನಮ್ಮ ಕೆಲಸ ಮುಗಿಯಿತು, ಇನ್ನು ನಾವು ಬೇಡ ಎಂದು ಹೇಳಬಲ್ಲ ಸಲಹೆಗಾರನು ಲಕ್ಕಮ್ಮನ ಲೆಕ್ಕವನ್ನು ಕಲಿತವನು.

ಒಂದೇ ಕ್ಷೇತ್ರದಲ್ಲಿ ನೆಲೆನಿಂತವನಿಗೆ ಇನ್ನೊಂದು ವಿಶೇಷವಾದ ಅಪಾಯವಿದೆ. ಅವನು ಇಂದು ಒಂದು ಬ್ಯಾಂಕಿಗೆ, ನಾಳೆ ಅದರ ಎದುರಾಳಿಗೆ ಸಲಹೆ ಹೇಳುತ್ತಾನೆ. ಅವನ ಬೆಲೆ ಇರುವುದೇ ಆ ಕ್ಷೇತ್ರದ ಎಲ್ಲರನ್ನೂ ಒಳಗಿನಿಂದ ಕಂಡವನೆಂಬುದರಲ್ಲಿ. ಇಬ್ಬರಿಂದಲೂ ಸಂಬಳ ಪಡೆಯುವವನಿಗೆ ಅರ್ಥಶಾಸ್ತ್ರದಲ್ಲಿ ಉಭಯವೇತನ ಎಂಬ ಹೆಸರಿದೆ, ಅದು ಗೂಢಚಾರರ ಪ್ರಕರಣಗಳಲ್ಲಿ ಬರುವ ಹೆಸರು. ಸಂಸ್ಥೆಗಳು ತಂಡಗಳ ನಡುವೆ ಗೋಡೆ ಕಟ್ಟಿ, ಕೆಲವು ಕಾಲ ಎದುರಾಳಿಯ ಕೆಲಸ ಮಾಡದಂತೆ ಒಪ್ಪಂದ ಬರೆಸಿ ಇದನ್ನು ತಡೆಯುತ್ತವೆ. ಆದರೆ ಒಬ್ಬನ ತಲೆಯೊಳಗೆ ಗೋಡೆ ಕಟ್ಟುವ ಉಪಾಯವನ್ನು ಯಾರೂ ಕಂಡುಹಿಡಿದಿಲ್ಲ. ಪರಿಣತಿ ಎಲ್ಲಿ ಮುಗಿದು ಉಭಯವೇತನ ಎಲ್ಲಿ ಆರಂಭವಾಗುತ್ತದೆ ಎಂಬ ಗೆರೆಯನ್ನು ಆ ಮನುಷ್ಯನೇ ಎಳೆದುಕೊಳ್ಳಬೇಕಾಗುತ್ತದೆ. ಭಾರತದಲ್ಲಿ ವಕೀಲನಿಗೆ 1961ರ ಕಾಯ್ದೆಯೂ ಲೆಕ್ಕಪರಿಶೋಧಕನಿಗೆ 1949ರ ಕಾಯ್ದೆಯೂ ಇದ್ದು, ತಪ್ಪಿದವನ ಸನ್ನದನ್ನು ಕಸಿದುಕೊಳ್ಳುವ ಮಂಡಳಿಗಳಿವೆ. ಆಡಳಿತ ಸಲಹೆಗಾರನಿಗೆ ಸನ್ನದೇ ಇಲ್ಲದ ಕಾರಣ ಕಸಿದುಕೊಳ್ಳುವ ಮಾತೂ ಇಲ್ಲ. ಬೋವರನು ವಕೀಲರಿಂದ ಶಬ್ದಗಳನ್ನು ತಂದನು, ಮಂಡಳಿಯನ್ನು ತರಲಿಲ್ಲ.

ಕೌಟಿಲ್ಯನ ಕ್ರಮಕ್ಕೂ ಇಂದಿನ ಕ್ರಮಕ್ಕೂ ಒಂದು ವ್ಯತ್ಯಾಸ ಉಳಿದೇ ಇದೆ. ಅಲ್ಲಿ ಪರೀಕ್ಷೆ ಮೊದಲು, ಕ್ಷೇತ್ರ ಆಮೇಲೆ. ಇಲ್ಲಿ ತರುಣನು ಕ್ಷೇತ್ರವನ್ನು ಆರಿಸಿ ಹತ್ತು ವರ್ಷ ಕಳೆದ ಮೇಲೆ, ಹಿಂದಿರುಗಲು ಆಗದ ಹೊತ್ತಿಗೆ, ಪರೀಕ್ಷೆ ಬರುತ್ತದೆ. ಆದ್ದರಿಂದ ಎಲ್ಲ ಬಗೆಯ ಕೆಲಸಗಳನ್ನೂ ಮಾಡುವ ಮೊದಲ ಎರಡು ಮೂರು ವರ್ಷಗಳಿಗೆ ಸಂಸ್ಥೆಗಳು ಕೊಡದ ಒಂದು ಅರ್ಥವನ್ನು ಕೊಡುವುದು ಯುಕ್ತ: ಅವು ರುಚಿ ನೋಡುವ ವರ್ಷಗಳಲ್ಲ, ಸಾಮಾನ್ಯ ಕೆಲಸದಲ್ಲಿರುವ ಅಮಾತ್ಯನ ವರ್ಷಗಳು. ಯಾವ ಕೆಲಸದಲ್ಲಿ ಸಂತೋಷವಾಯಿತು ಎಂದು ಬರೆದಿಡುವುದಕ್ಕಿಂತ, ಯಾವ ಕೆಲಸದಲ್ಲಿ ಒಂದು ಅಂಕಿಯನ್ನು ಮೃದುಗೊಳಿಸುವ ಮನಸ್ಸಾಯಿತು, ಎಲ್ಲಿ ಬಾಯಿ ಕಟ್ಟಿತು, ಎಲ್ಲಿ ತಾನೇ ಸರಿ ಎಂಬ ಹುಮ್ಮಸ್ಸು ಲೆಕ್ಕವನ್ನು ಮೀರಿತು ಎಂದು ಬರೆದಿಡುವುದು ಮುಂದಿನ ಆಯ್ಕೆಗೆ ಹೆಚ್ಚು ಉಪಯುಕ್ತ. ಸಂಸ್ಥೆಗಳೇ ಇಂಥ ಪರೀಕ್ಷೆಗಳನ್ನು ಒಡ್ಡಬೇಕೆಂದು ಇಲ್ಲಿ ಹೇಳುತ್ತಿಲ್ಲ. ಅದೇ ಅಧ್ಯಾಯದ ಕೊನೆಯಲ್ಲಿ ಕೌಟಿಲ್ಯನು ಹಿಂದಿನ ಆಚಾರ್ಯರಿಂದ ಬೇರೆಯಾಗಿ, ರಾಜನು ತನ್ನನ್ನಾಗಲಿ ರಾಣಿಯನ್ನಾಗಲಿ ಪರೀಕ್ಷೆಯ ಗುರಿಯಾಗಿಸಬಾರದು, ತಿಳಿನೀರಿಗೆ ವಿಷ ಬೆರೆಸಿದಂತೆ ಕೆಡದವನನ್ನು ಕೆಡಿಸಬಾರದು, ಒಮ್ಮೆ ಕೆಟ್ಟ ಬುದ್ಧಿಗೆ ಮದ್ದು ಸಿಗದೆ ಹೋಗಬಹುದು ಎಂದು ಎಚ್ಚರಿಸುತ್ತಾನೆ. ತನ್ನ ಉಪಧೆಗಳನ್ನು ತಾನೇ ಗುರುತಿಸಿಕೊಳ್ಳುವವನಿಗೆ ಈ ಅಪಾಯ ಕಡಿಮೆ.

ಈ ವೃತ್ತಿಗೆ ಕಾಲಿಡುವ ಕನ್ನಡದ ತರುಣ ತರುಣಿಯರು, ಕ್ಷೇತ್ರವನ್ನು ನಿರ್ಧರಿಸುವ ಮೊದಲು, ಅರ್ಥಶಾಸ್ತ್ರದ ಮೊದಲ ಅಧಿಕರಣದ ಹತ್ತನೆಯ ಅಧ್ಯಾಯವನ್ನು ಓದಬೇಕು. ಅದು ಎರಡು ಮೂರು ಪುಟಗಳಿಗಿಂತ ದೊಡ್ಡದಲ್ಲ.